ಮೊಂಗ್‌ಪಾನ್ ಅರಸರು ಅವತ್ತು ಆ ಕೋಣೆಯಲ್ಲಿ ಯಾಕಿದ್ದರು?

ಬರ್ಮಾದ ಮಾತು ಬಂದಾಗಲೆಲ್ಲ, ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಬಗ್ಗೆ, 'ಅವರು ಬದುಕಿದ್ದಿದ್ದರೆ ಅಲ್ಲಿ ಇಷ್ಟು ರಕ್ತಪಾತ ಆಗುತ್ತಿರಲಿಲ್ಲ' ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಇರಬಹುದು. ಆದರೆ 1947ರಲ್ಲಿ ಆಂಗ್ ಸಾನ್‌ರನ್ನು ಕೊಂದ ಅದೇ ಗುಂಡಿನ ದಾಳಿಗೆ ಬಲಿಯಾದ ಇನ್ನೊಬ್ಬರ ಹೆಸರಲ್ಲಿ ಈ ಮಾತು ಆಡಿದವರನ್ನು ನಾನು ಕಂಡಿಲ್ಲ. ಅವರು ಸಾವ್ ಸಾಮ್ ಟುನ್, ಮೊಂಗ್‌ಪಾನ್‌ನ ಸಾಫಾ, ಅಂದರೆ ಶಾನ್ ಅರಸ.

ಬರ್ಮಾದ ಪೂರ್ವದ ಗುಡ್ಡಗಾಡಿನಲ್ಲಿದ್ದ ಶಾನ್ ಜನರ ಸಂಸ್ಥಾನಗಳಲ್ಲಿ ಕೆಂಗ್‌ತುಂಗ್ ಒಂದೇ ಸುಮಾರು 12,000 ಚದರ ಮೈಲಿ. ಅದರ ಮುಂದೆ ಮೊಂಗ್‌ಪಾನ್ ಯಾವ ಲೆಕ್ಕ? ಪಾನ್ ನದಿಯ ಕಣಿವೆ, ಸುತ್ತ ಗುಡ್ಡ, ಟೌಂಗ್‌ಜಿಯಿಂದ ಲೊಯ್ಲೆಮ್‌ಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಓದುಗರಿಗೆ ಹೆಚ್ಚಾಗಿ ಗೊತ್ತಿರುವುದು ಸಿಪಾವ್ ಅನ್ನುವ ಇನ್ನೊಂದು ಶಾನ್ ಸಂಸ್ಥಾನ, ಅದೂ ಆಸ್ಟ್ರಿಯಾದ ಹೆಣ್ಣುಮಗಳು ಅಲ್ಲಿನ ರಾಣಿಯಾದಳು ಅನ್ನುವ ಕಾರಣಕ್ಕೆ.

1947ರ ಫೆಬ್ರವರಿ 12ರಂದು ಶಾನ್ ನಾಡಿನ ಪಾಂಗ್ಲಾಂಗ್ ಊರಿನಲ್ಲಿ, ಗುಡ್ಡಗಾಡಿನ ಜನ ಬರ್ಮನ್ನರ ಜೊತೆ ಸೇರುವ ಒಪ್ಪಂದಕ್ಕೆ ಸಹಿ ಬಿತ್ತು. ಒಟ್ಟು 23 ಸಹಿ: ಬರ್ಮನ್ನರ ಕಡೆಯಿಂದ ಆಂಗ್ ಸಾನ್ ಒಬ್ಬರೇ, ಉಳಿದವರು ಶಾನ್, ಕಚಿನ್, ಚಿನ್ ನಾಯಕರು. ಇನ್ನೊಂದು ದೊಡ್ಡ ಸಮುದಾಯವಾದ ಕರೆನ್ನರು ಸಹಿ ಹಾಕಲಿಲ್ಲ, ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ. ಮೊದಲ ಎರಡು ಕಲಮುಗಳ ಸಾರ ಇಷ್ಟು: ಗುಡ್ಡಗಾಡಿನ ಜನರ ಪ್ರತಿನಿಧಿಯೊಬ್ಬರು ಬ್ರಿಟಿಷ್ ಗವರ್ನರನ ಕಾರ್ಯಕಾರಿ ಮಂಡಳಿಯಲ್ಲಿ ಕೂರಬೇಕು. ಆ ಕುರ್ಚಿ ಸಾಮ್ ಟುನ್ ಪಾಲಿಗೆ ಬಂತು. ಜುಲೈ 19, ಶನಿವಾರ ಬೆಳಿಗ್ಗೆ ರಂಗೂನಿನ ಸೆಕ್ರೆಟೇರಿಯಟ್ಟಿನಲ್ಲಿ ಸಭೆ ನಡೆಯುತ್ತಿದ್ದಾಗ ಆಂಗ್ ಸಾನ್ ಅವರ ರಾಜಕೀಯ ಎದುರಾಳಿ ಊ ಸಾ ಕಳಿಸಿದ ಬಂದೂಕುಧಾರಿಗಳು ಒಳನುಗ್ಗಿದರು. ಆಂಗ್ ಸಾನ್ ಅಲ್ಲೇ ಸತ್ತರು. ಸಾಮ್ ಟುನ್ ಗಾಯಗೊಂಡು ಮರುದಿನ ಪ್ರಾಣ ಬಿಟ್ಟರು. ಒಪ್ಪಂದವಾಗಿ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ.

ಹಾಗಾಗಿ ಅವರನ್ನು ಹುತಾತ್ಮರ ಪಟ್ಟಿಯ ಒಂಬತ್ತರಲ್ಲಿ ಒಂದು ಹೆಸರು ಅಂತ ಓದಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅವರು ಅಲ್ಲಿದ್ದದ್ದೇ ಕೊಟ್ಟ ಮಾತನ್ನು ನೆನಪಿಸುವುದಕ್ಕೆ.

ಮಾತು ಕಾಗದದ ಮೇಲೆ ಉಳಿಯಿತು ನಿಜ. ಆಂಗ್ ಸಾನ್ ಸತ್ತ ಮೇಲೆ ಬಂದ ಸಂವಿಧಾನವೂ, ಹತ್ತು ವರ್ಷ ಕಳೆದ ಮೇಲೆ ಒಕ್ಕೂಟ ಬಿಟ್ಟು ಹೋಗುವ ಹಕ್ಕನ್ನು ಶಾನ್ ರಾಜ್ಯಕ್ಕೆ ಕೊಟ್ಟಿತ್ತು. 1959ರಲ್ಲಿ ಸಾಫಾಗಳು ತಮ್ಮ ಅಧಿಕಾರವನ್ನೂ ಬಿಟ್ಟುಕೊಟ್ಟರು. 1962ರ ಮಾರ್ಚ್ 2ಕ್ಕೆ ಸೇನಾ ಮುಖ್ಯಸ್ಥ ನೆ ವಿನ್ ಅವರ ಸೇನೆ ಅಧಿಕಾರ ಕಿತ್ತುಕೊಂಡು, ಪಾಂಗ್ಲಾಂಗ್‌ನಲ್ಲಿ ಸಹಿ ಹಾಕಿ ಮುಂದೆ ದೇಶದ ಮೊದಲ ಅಧ್ಯಕ್ಷರೂ ಆಗಿದ್ದ ಯಾಂಗ್‌ಹ್ವೆಯ ಸಾಫಾ ಸಾವ್ ಶ್ವೆ ಥಾಯಿಕ್ ಅವರನ್ನೇ ಸೆರೆಗೆ ತಳ್ಳಿತು. ಅದೇ ವರ್ಷ ಅವರು ಸೆರೆಯಲ್ಲೇ ತೀರಿಕೊಂಡರು.

ಫೆಬ್ರವರಿ 12, ಜುಲೈ 19 ಎರಡೂ ದಿನ ಅಲ್ಲಿ ಇವತ್ತಿಗೂ ಸರ್ಕಾರಿ ರಜೆ. ಆದರೆ ಆಂತರಿಕ ಆಡಳಿತದಲ್ಲಿ ಪೂರ್ಣ ಸ್ವಾಯತ್ತತೆ ಅಂದ ಒಪ್ಪಂದದ ಐದನೇ ಕಲಮಿಗಾಗಿ ಶಾನ್ ಗುಡ್ಡಗಳಲ್ಲಿ ಇನ್ನೂ ಬಂದೂಕು ಹಿಡಿದೇ ಇದ್ದಾರೆ.