ಎಣ್ಣೆ ಕಂಡ ಕೂಡಲೇ ಟರ್ಬೊ ಬಿಚ್ಚಬೇಡಿ

ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಪೈಪಿನಲ್ಲಿ ಎಂಜಿನ್ ಎಣ್ಣೆ ಕಂಡರೆ, ಆ ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದ ಸೀಲ್ (ಎಣ್ಣೆ ಸೋರದಂತೆ ತಡೆಯುವ ಭಾಗ) ಹೋಗಿದೆ ಎಂದೇ ಅರ್ಥ ಅಂತ ಬರೆದಿದ್ದೀರಿ. ಇದನ್ನು ಪೂರ್ತಿ ಒಪ್ಪಲು ಆಗುವುದಿಲ್ಲ.

ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಕೆಳಗಿನ ಗೂಡಿಗೆ, ಇಳಿಯುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ಬ್ರೀದರ್ ಪೈಪ್ ಅದನ್ನು ಟರ್ಬೊಗಿಂತ ಮುಂಚೆಯೇ ಇಂಟೇಕಿಗೆ ವಾಪಸ್ ಕಳಿಸುತ್ತದೆ. ಜೊತೆಗೆ ಎಣ್ಣೆಯ ಸಣ್ಣ ಹನಿಗಳೂ ಹೋಗಿ ಪೈಪಿಗೆ, ಗಾಳಿ ತಣಿಸುವ ಇಂಟರ್‌ಕೂಲರಿಗೆ ಅಂಟಿಕೊಳ್ಳುತ್ತವೆ. ಬೆರಳಿಗೆ ಜಿಡ್ಡು ಹತ್ತುವಷ್ಟಿದ್ದರೆ ಸುಮ್ನೆ ಗಾಬರಿ ಬೇಡ. ಪೈಪ್ ಬಗ್ಗಿಸಿದಾಗ ಎಣ್ಣೆ ಸುರಿಯಿತಾ, ಆಗ ಮಾತು ಬೇರೆ. ಅದರಲ್ಲೂ ಡೀಸೆಲ್ ಗಾಡಿಯಾದರೆ ಅದನ್ನು ಒರೆಸಿ ತೆಗೆಯದೆ ಸ್ಟಾರ್ಟ್ ಮಾಡಲೇಬೇಡಿ. ಆ ಎಣ್ಣೆಯನ್ನೇ ಉರಿಸಿಕೊಂಡು, ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡಬಹುದು.

ಆಗಲೂ ಮೊದಲು ಟರ್ಬೊ ಮೇಲೆ ತಪ್ಪು ಹಾಕಬೇಡಿ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ, ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಎಣ್ಣೆ ತುಂಬಿದ್ದಾರಾ ನೋಡಿ. ನಂತರ ಟರ್ಬೊದಿಂದ ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುವ ರಿಟರ್ನ್ ಪೈಪ್. ಜಾಸ್ತಿ ಜನ ಮರೆಯುವುದು ಇದನ್ನೇ. ಅಲ್ಲಿ ಪಂಪಿನ ಒತ್ತಡ ಇರುವುದಿಲ್ಲ, ಎಣ್ಣೆ ತಾನಾಗೇ ಇಳಿಯಬೇಕು. ಒಳಗೆ ಕರಿ ಕಟ್ಟಿದ್ದರೆ ಎಣ್ಣೆ ಮೇಲೇ ನಿಂತು ಸೀಲ್ ದಾಟುತ್ತದೆ. ಇದನ್ನು ಬಿಟ್ಟು ಹೊಸ ಟರ್ಬೊ ಹಾಕಿದರೆ ಅದೂ ಸೋರುತ್ತದೆ, ಅಲ್ವಾ?

ಇನ್ನು ಟರ್ಬೊದ ಬ್ಲೇಡ್ ತಿರುಗಿಸುವ ಶಾಫ್ಟ್. ಪಕ್ಕಕ್ಕೆ ತುಸು ಅಲುಗುವುದು ಸಹಜ, ಬಹಳ ಮೆಕ್ಯಾನಿಕ್‌ಗಳು ಇದನ್ನೇ ತೋರಿಸಿ ಹೆದರಿಸುತ್ತಾರೆ. ಹಿಂದೆ ಮುಂದೆ ಕೈಗೆ ಗೊತ್ತಾಗುವಂತೆ ಜಗ್ಗಿದರೆ, ಅಥವಾ ಬ್ಲೇಡ್ ಒಳಗೋಡೆಗೆ ಉಜ್ಜಿದ ಗುರುತು ಇದ್ದರೆ ಮಾತ್ರ ಟರ್ಬೊ ಬಿಚ್ಚಿಸಿ.