ಬೆಲ್ಲನಿಗೆ ಬೇಕಾಗಿದ್ದು ಕ್ಯಾಂಪು, ಜೀಪಲ್ಲ

ಹಿಂದಿನ ಸೀಟಿನ ಮೇಲೆ ಬಿದ್ದ ಮೊಸರನ್ನವನ್ನು ಒರೆಸುತ್ತಾ ಕೂತಾಗ ನನಗೆ ಹೊಳೆಯಿತು. ಜೀಪನ್ನು ಗುಂಡಿ, ದಿಣ್ಣೆ ಹತ್ತಿಸಿ ಇಳಿಸುವ ಆಫ್‌ರೋಡ್ ಚಟ ನನ್ನದು, ಶಿಕ್ಷೆ ನಾಯಿಗೆ.

ಬೆಲ್ಲ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ಅವನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದು ಮಂಚನಬೆಲೆ ಕಡೆಗೆ. ದಾರಿಯಲ್ಲಿ ಹಸಿದೀತು ಅಂತ ಅಮ್ಮ ಹೊರಡುವಾಗಲೇ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದ್ದರು. ಮಣ್ಣಿನ ದಾರಿಗಿಳಿದು ಗಾಡಿಯನ್ನು ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಎಲ್ಲ ವಾಪಸ್ ಬಂತು. ಈಗ ಅವನ ಊಟ ಮುಗಿದು ಮೂರ್ನಾಲ್ಕು ಗಂಟೆ ಆದ ಮೇಲೆಯೇ ಹೊರಡುತ್ತೇವೆ.

ಆದರೆ ಊಟ ಸಣ್ಣ ವಿಷಯ. ಡ್ರೈವ್ ಮಾಡುವವನಿಗೆ ಮುಂದಿನ ಗುಂಡಿ ಕಾಣುತ್ತದೆ, ಕೈಯಲ್ಲಿ ಸ್ಟೀರಿಂಗ್ ಇರುತ್ತದೆ. ಪಕ್ಕದವನಿಗೆ ಹಿಡಿಕೆ ಇರುತ್ತದೆ. ಹಿಂದಿರುವ ನಾಯಿಗೆ? ಗಾಡಿ ಯಾವಾಗ, ಯಾವ ಕಡೆ ವಾಲುತ್ತದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದ ನಾಯಿಯ ಫೋಟೋ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಜಾಲಿ ಮುಳ್ಳು ಕಣ್ಣಿಗೆ ಹೊಡೆಯುವುದು ಫೋಟೋದಲ್ಲಿ ಬರುವುದಿಲ್ಲ ಅಲ್ವಾ?

ಹಾಗಾಗಿ ಗಾಡಿಯಲ್ಲಿ ಇರುವಷ್ಟು ಹೊತ್ತೂ ಅವನಿಗೆ ಎದೆಗೆ ಹಾಕುವ ಹಾರ್ನೆಸ್, ಅದಕ್ಕೆ ಸೀಟ್ ಬೆಲ್ಟ್. ಕಾಲರ್‌ಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಪೆಟ್ಟೆಲ್ಲ ಕುತ್ತಿಗೆಗೆ. ಕಷ್ಟದ ಏರು, ಕೊರಕಲು ಬಂದರೆ ನನ್ನ ಹೆಂಡತಿ ಅವನನ್ನು ಇಳಿಸಿಕೊಂಡು ಪಕ್ಕದಲ್ಲಿ ನಡೆಯುತ್ತಾಳೆ. ಎಷ್ಟೋ ಸಲ ಅವರಿಬ್ಬರೇ ಮೊದಲು ಮೇಲೆ ತಲುಪಿ ನನ್ನನ್ನು ಕಾಯುತ್ತಾ ನಿಂತಿರುತ್ತಾರೆ. ಗೆಳೆಯರು ನಗುತ್ತಾರೆ, ನಗಲಿ.

ಅವನ ನಿಜವಾದ ಖುಷಿ ಇರುವುದು ಟೆಂಟ್ ಹಾಕಿದ ಮೇಲೆ. ಒಂದು ಕಲ್ಲನ್ನೇ ಕಾಲು ಗಂಟೆ ಮೂಸುತ್ತಾನೆ.

ಕಾವೇರಿ ವನ್ಯಜೀವಿಧಾಮದ ಕಡೆ, ಅಂದರೆ ಮುತ್ತತ್ತಿ, ಸಂಗಮದತ್ತ, ಅವನನ್ನು ಒಯ್ಯುವುದಿಲ್ಲ. ಹೊಳೆಯಲ್ಲಿ ಮೊಸಳೆ ಇದೆ ಅನ್ನುವುದು ಒಂದು ಕಾರಣ. ಇನ್ನೊಂದು, ನಮ್ಮ ನಾಯಿಯಿಂದ ಕಾಡಿಗೇ ಅಪಾಯ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವದರಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ಮನೆ ನಾಯಿಗಳಿಗೆ ಲಸಿಕೆ ಹಾಕಿಸುತ್ತೇವಲ್ಲ, ಅದೇ ಕಾಯಿಲೆ.

ಮಾಗಡಿ, ರಾಮನಗರದ ಬಂಡೆಗಳ ಕಡೆಯೂ ಸುಮ್ನೆ ಮೈಮರೆಯುವಂತಿಲ್ಲ. ಒಮ್ಮೆ ಸಾವನದುರ್ಗದ ಹತ್ತಿರ ಒಬ್ಬರ ತೋಟದಲ್ಲಿ, ಅವರ ಒಪ್ಪಿಗೆ ಪಡೆದೇ, ಟೆಂಟ್ ಹಾಕಿದ್ದೆವು. ಬೆಲ್ಲನನ್ನು ಹೊರಗೆ ಮರಕ್ಕೆ ಕಟ್ಟಿದ್ದೆ, ಕಾವಲಿಗಿರಲಿ ಅಂತ. ತೋಟದ ಯಜಮಾನರು ಟಾರ್ಚ್ ಹಿಡಿದು ಬಂದವರು ನೋಡಿ, "ಏನ್ ಸ್ವಾಮಿ, ಚಿರತೆಗೆ ಊಟ ಬಡಿಸಿಟ್ಟಿದ್ದೀರಾ?" ಅಂದರು. ಅವರ ನಾಯಿಗಳೆಲ್ಲ ರಾತ್ರಿ ಮನೆಯೊಳಗೇ. ಅವತ್ತಿನಿಂದ ಬೆಲ್ಲ ಟೆಂಟ್ ಒಳಗೆ, ನನ್ನ ದಿಂಬಿನ ಮುಕ್ಕಾಲು ಭಾಗ ಅವನದೇ.

ಬೆಂಗಳೂರಿಗೆ ಬಂದು ಎಷ್ಟೇ ಸುಸ್ತಾಗಿದ್ದರೂ ಬೆಲ್ಲನ ಮೈಯಲ್ಲಿ ರಕ್ತ ಹೀರುವ ಉಣ್ಣೆ (ಟಿಕ್) ಹುಡುಕುವ ಕೆಲಸ ಬಿಡುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ಅವು ಕಚ್ಚಿ ಟಿಕ್ ಫೀವರ್ ಬಂದರೆ ನಾಯಿ ಊಟ ಬಿಟ್ಟು ಮಲಗಿಬಿಡುತ್ತದೆ, ಆಮೇಲೆ ವಾರಗಟ್ಟಲೆ ಮಾತ್ರೆ. ಹೋದ ಭಾನುವಾರ ಬೆಲ್ಲನ ಕಿವಿಯಲ್ಲಿ ಎರಡು ಸಿಕ್ಕವು. ಮೂರನೆಯದು ನನ್ನ ಕಾಲುಚೀಲದಲ್ಲಿತ್ತು.