ಸ್ಪಷ್ಟನೆ: ಟೈರಿನ ಮೇಲಿನ ಅಂಕಿ ಗಾಳಿ ತುಂಬಿಸಬೇಕಾದ ಅಳತೆಯಲ್ಲ

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಪಿಎಸ್‌ಐ (ಗಾಳಿಯ ಒತ್ತಡವನ್ನು ಅಳೆಯುವ ಮಾನ) ಅಂಕಿಯಷ್ಟು ಗಾಳಿಯನ್ನು ಕಾರಿಗೆ ತುಂಬಿಸಬೇಕು, ಬೇಸಿಗೆಯಲ್ಲಿ ಮಾತ್ರ ಟೈರು ಸಿಡಿಯದಂತೆ ಅದನ್ನು ಐದಾರು ಪಿಎಸ್‌ಐ ಇಳಿಸಬೇಕು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು, ಎರಡನೆಯದಂತೂ ಅಪಾಯಕಾರಿ.

ಟೈರಿನ ಮೇಲಿರುವುದು ಅದಕ್ಕೆ ತುಂಬಬಹುದಾದ ಗರಿಷ್ಠ ಒತ್ತಡ. ಒಂದೇ ಅಳತೆಯ ಟೈರು ಬೇರೆ ಬೇರೆ ತೂಕದ ಕಾರುಗಳಿಗೆ ಹೊಂದುವುದರಿಂದ, ಯಾವ ಕಾರಿಗೆ ಎಷ್ಟು ಗಾಳಿ ಬೇಕೆಂಬುದನ್ನು ನಿರ್ಧರಿಸುವವರು ಕಾರಿನ ತಯಾರಕರೇ. ಚಾಲಕನ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲೆ, ಕೆಲವು ಕಾರುಗಳಲ್ಲಿ ಇಂಧನ ಮುಚ್ಚಳದ ಒಳಬದಿಯಲ್ಲಿ, ಅಂಟಿಸಿರುವ ಚೀಟಿಯಲ್ಲಿ ಆ ಅಂಕಿ ಇರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ, ಪೂರ್ಣ ಭಾರ ಹೇರಿದಾಗ ಬೇರೆಯೇ ಅಂಕಿಗಳಿರಬಹುದು.

ಬೇಸಿಗೆಯ ಮಾತಿಗೆ ಬಂದರೆ, ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದಷ್ಟೂ ಹೆಚ್ಚು ಕಾಯುತ್ತದೆ. ಸಿಡಿಯುವುದಕ್ಕೆ ಮುಖ್ಯ ಕಾರಣ ಈ ಕಾವೇ ಹೊರತು ತುಸು ಏರಿದ ಒತ್ತಡವಲ್ಲ. ತಾಪಮಾನ ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಅಂದಾಜು 1 ಪಿಎಸ್‌ಐ ಏರುತ್ತದೆ, ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಚೀಟಿಯ ಅಂಕಿಯನ್ನು ತಣ್ಣಗಿನ ಟೈರಿಗೆ ನಿಗದಿಪಡಿಸಿರುತ್ತಾರೆ. ಆದ್ದರಿಂದ ಕಾರು ಕನಿಷ್ಠ ಮೂರು ಗಂಟೆ ನಿಂತಿದ್ದ ಮೇಲೆ ಅಳೆಯಬೇಕು. ದೂರ ಓಡಿ ಬಂದ ಟೈರಿನಿಂದ ಗಾಳಿ ಬಿಡಬಾರದು. ಟೈರು ನೋಡಲು ದುಂಡಗಿದೆ ಎಂಬ ಕಣ್ಣಂದಾಜು, ಎಷ್ಟೇ ಅನುಭವಿಗಳದ್ದಾದರೂ, ಮಾಪಕದ ಬದಲಿಗೆ ನಿಲ್ಲದು. ತಿಂಗಳಿಗೊಮ್ಮೆ, ಸ್ಟೆಪ್ನಿಯನ್ನೂ ಸೇರಿಸಿ, ಅಳೆದರೆ ಸಾಕು.